1969ರ ಶೆವೆಲ್ ಮನೆಗೆ ಬಂದಿದೆ, ಕೈಯಲ್ಲಿ ದುಡ್ಡು ಕಮ್ಮಿ. ಎಲ್ಲಿಂದ ಶುರು ಮಾಡಲಿ?

ಗ್ಯಾರೇಜ್ ಗೂಬೆ

ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಮೊದಲ ಸಲ ಕೇಳುತ್ತಿದ್ದೇನೆ. ಉದ್ದ ಆಯಿತು ಅಂತ ಬೈಯಬೇಡಿ.

ಹೋದ ತಿಂಗಳು ಒಂದು ಹಳೇ ಅಮೆರಿಕನ್ ಕಾರ್, 1969ರ ಶೆವರ್ಲೆ ಶೆವೆಲ್ ಮಾಲಿಬು ತಗೊಂಡೆ. ಎರಡು ಬಾಗಿಲಿನದು, ವಿ8 (ಎಂಟು ಸಿಲಿಂಡರಿನ ಇಂಜಿನ್), ಆಟೋಮ್ಯಾಟಿಕ್. ಹನ್ನೆರಡು ವರ್ಷ ಯಾರದೋ ಶೆಡ್ಡಿನಲ್ಲಿ ಕೂತಿದ್ದ ಗಾಡಿ, ಟ್ರೇಲರ್ ಮೇಲೆ ಮಲಗಿಕೊಂಡು ಮನೆಗೆ ಬಂತು. ಇಂಜಿನ್ ತಿರುಗುತ್ತದೋ ಇಲ್ಲವೋ ಇನ್ನೂ ನೋಡಿಲ್ಲ. "ನಿಲ್ಲಿಸಿದ ದಿನ ಚೆನ್ನಾಗಿಯೇ ಓಡುತ್ತಿತ್ತು" ಅಂದರು ಮಾರಿದವರು. ಹಳೇ ಗಾಡಿ ಮಾರುವವರೆಲ್ಲ ಇದೇ ಮಾತು ಹೇಳುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಡ್ರೈವರ್ ಕಡೆ ಮ್ಯಾಟ್ ಎತ್ತಿದರೆ ನೆಲ ಕಾಣುತ್ತದೆ. ಕಾರಿನ ನೆಲ ಅಲ್ಲ, ಗ್ಯಾರೇಜಿನ ನೆಲ.

ಎರಡೂ ಫೆಂಡರ್ ಮೇಲೆ ಎಸ್‌ಎಸ್ 396 ಬ್ಯಾಡ್ಜ್ ಇದೆ (ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್, 396 ಅಂದರೆ ಘನ ಇಂಚಿನಲ್ಲಿ ಇಂಜಿನ್ ಗಾತ್ರ). ನಿಜವಾದ ಎಸ್‌ಎಸ್ ಹೌದೋ ಅಲ್ಲವೋ ಹೇಗೆ ತಿಳಿಯುವುದು?

ನನ್ನ ಪರಿಸ್ಥಿತಿ ಇದು. ಒಂದೇ ಕಾರಿನ ಗ್ಯಾರೇಜ್. ಸಾಕೆಟ್ ಸೆಟ್, ಒಂದು ಜಾಕ್, ಒಂದು ಗ್ರೈಂಡರ್ ಇದೆ. ವೆಲ್ಡಿಂಗ್ ಬರುವುದಿಲ್ಲ, ಕಲಿಯುವುದಕ್ಕೆ ತಯಾರಿದ್ದೇನೆ. ಕಾರಿಗೆ ಕೊಟ್ಟದ್ದು ಬಿಟ್ಟು ಇನ್ನು ಹತ್ತು ಸಾವಿರ ಡಾಲರ್ ಹಾಕಬಹುದು, ಅದೂ ಒಟ್ಟಿಗೆ ಅಲ್ಲ, ಎರಡು ಮೂರು ವರ್ಷದಲ್ಲಿ ಸ್ವಲ್ಪ ಸ್ವಲ್ಪ. ಕೆಲಸ ಏನಿದ್ದರೂ ರಾತ್ರಿ ಮಗಳು ಮಲಗಿದ ಮೇಲೆ, ಮತ್ತೆ ಶನಿವಾರ.

ಬಾಡಿ ಮೊದಲೋ ಇಂಜಿನ್ ಮೊದಲೋ? ನೋಡಿದ ವಿಡಿಯೊಗಳಲ್ಲೆಲ್ಲ ಬಾಡಿಯನ್ನು ಫ್ರೇಮಿನಿಂದ ಎತ್ತಿ ಪೂರ್ತಿ ಬಿಚ್ಚುತ್ತಾರೆ, ನಾನೂ ಹಾಗೇ ಮಾಡಬೇಕಾ? ಈ ವಾರಾಂತ್ಯ ಬಿಚ್ಚುವುದಕ್ಕೆ ಕೈ ತುರಿಸುತ್ತಿದೆ, ಅದಕ್ಕೇ ಬೇಗ ಉತ್ತರ ಬೇಕು.

ಎಂಟು ಸಿಲಿಂಡರ್

ಗೂಬೆಯವರೇ, ಮೊದಲು ಕೈಯಲ್ಲಿರುವ ಪಾನಾ ಕೆಳಗಿಡಿ.

ನನ್ನದೊಂದು ಡಾಡ್ಜ್ ಡಾರ್ಟ್ ಇತ್ತು. ಉತ್ಸಾಹ ಜಾಸ್ತಿಯಾಗಿ ಎರಡೇ ವಾರಾಂತ್ಯದಲ್ಲಿ ಪೂರ್ತಿ ಬಿಚ್ಚಿ ಹಾಕಿದೆ. ಬಿಚ್ಚುವುದಕ್ಕೆ ದುಡ್ಡು ಬೇಡ ನೋಡಿ, ಅದಕ್ಕೇ ಆ ಕೆಲಸ ಅಷ್ಟು ಬೇಗ ಮುಗಿಯುತ್ತದೆ. ನಟ್ಟು ಬೋಲ್ಟೆಲ್ಲ ಒಂದು ಬಕೆಟ್ಟಿಗೆ ಸುರಿದೆ, ನೆನಪಿರುತ್ತದೆ ಅಂದುಕೊಂಡೆ. ಆಮೇಲೆ ಬಾಡಿಗೆ ದುಡ್ಡು ಬೇಕಾಯಿತು, ಇರಲಿಲ್ಲ. ಮನೆ ಬದಲಾಯಿಸಬೇಕಾಯಿತು, ಆಗ ಅದನ್ನು ತಳ್ಳುವುದಕ್ಕೂ ಚಕ್ರ ಇರಲಿಲ್ಲ. ನಾಲ್ಕು ವರ್ಷದ ಮೇಲೆ ಒಂದು ಬಾಡಿ, ಹದಿನೇಳು ಡಬ್ಬಿ, ಒಂದು ಬಕೆಟ್ ಬೋಲ್ಟು, ಇಷ್ಟನ್ನೂ ಕೊಂಡ ಬೆಲೆಯ ಅರ್ಧಕ್ಕೆ ಮಾರಿದೆ. ಪೂರ್ತಿ ಬಿಚ್ಚಿದ ಗಾಡಿಗಿಂತ ಓಡದೆ ನಿಂತ ಗಾಡಿಗೇ ಬೆಲೆ ಜಾಸ್ತಿ, ಇದು ಆವತ್ತು ಗೊತ್ತಾಯಿತು.

ಹಾಗಾಗಿ ನಾನು ಹೇಳುವುದು ಇಷ್ಟೇ. ಗಾಡಿ ಮೊದಲು ಓಡಲಿ, ನಿಲ್ಲಲಿ, ತಿರುಗಲಿ. ಆಮೇಲೆ ಒಂದೊಂದೇ ಕಡೆ ಬಿಚ್ಚಿ, ಅದನ್ನು ಮುಗಿಸಿ, ವಾಪಸ್ ಜೋಡಿಸಿ, ಮುಂದಿನದಕ್ಕೆ ಹೋಗಿ. ಯಾವ ತಿಂಗಳು ದುಡ್ಡು ನಿಂತರೂ ಕೈಯಲ್ಲಿ ಒಂದು ಕಾರ್ ಇರಬೇಕು, ಗುಜರಿ ರಾಶಿ ಇರಬಾರದು.

ಇಂಜಿನ್ ವಿಷಯ. ಕೀ ಹಾಕಿ ಸ್ಟಾರ್ಟರ್ ತಿರುಗಿಸಬೇಡಿ, ಕೈಮುಗಿದು ಕೇಳುತ್ತೇನೆ. ಎಂಟೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ತೆಳ್ಳಗಿನ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಆಮೇಲೆ ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿ. ಅಲ್ಲಾಡದಿದ್ದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿ ತುಂಬಿ, ಒಂದು ವಾರ ಮರೆತುಬಿಡಿ. ಜೋರು ಮಾಡಿದರೆ ಪಿಸ್ಟನ್ ರಿಂಗ್ ಮುರಿಯುತ್ತದೆ, ಆಗ ನಿಮ್ಮ ಹತ್ತು ಸಾವಿರದಲ್ಲಿ ದೊಡ್ಡ ತುತ್ತು ಅಲ್ಲೇ ಹೋಯಿತು.

ತಿರುಗಿತು ಅಂದರೆ ಕಂಪ್ರೆಶನ್ (ಪ್ರತಿ ಸಿಲಿಂಡರ್ ಒಳಗಿನ ಒತ್ತಡ) ನೋಡಿ. ಎಂಟರಲ್ಲಿ ಅತಿ ಕಮ್ಮಿ ಇರುವುದು ಅತಿ ಜಾಸ್ತಿ ಇರುವುದರ ಮುಕ್ಕಾಲು ಭಾಗಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಇನ್ನೊಂದು ಸಲ ನೋಡಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ತೊಂದರೆ ಇದೆ.

ಸ್ಟಾರ್ಟ್ ಮಾಡುವ ಮೊದಲು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ತೆಗೆದು, ಆ ತೂತಿನಲ್ಲಿ ಪ್ರೈಮಿಂಗ್ ಟೂಲ್ ಇಳಿಸಿ, ಡ್ರಿಲ್ ಮೆಶಿನ್ನಿನಿಂದ ಆಯಿಲ್ ಪಂಪ್ ತಿರುಗಿಸಿ. ಹನ್ನೆರಡು ವರ್ಷ ಒಣಗಿದ ಬೇರಿಂಗಿಗೆ ಮೊದಲು ಎಣ್ಣೆ ಮುಟ್ಟಲಿ. ತೆಗೆಯುವ ಮೊದಲು ರೋಟರ್ ಯಾವ ಕಡೆ ಮುಖ ಮಾಡಿದೆ ಅಂತ ಫೋಟೊ ತೆಗೆದಿಟ್ಟುಕೊಳ್ಳಿ, ಒಂದು ಹಲ್ಲು ಆಚೀಚೆ ಕೂತರೂ ಟೈಮಿಂಗ್ ಹೋಯಿತು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, 1-8-4-3-6-5-7-2, ಗೋಡೆ ಮೇಲೆ ಬರೆದಿಡಿ.

ಟ್ಯಾಂಕಿನಲ್ಲಿರುವ ಪೆಟ್ರೋಲ್ ಈಗ ಪೆಟ್ರೋಲ್ ಅಲ್ಲ, ವಾರ್ನಿಶ್. ಅದನ್ನು ಕಾರ್ಬುರೇಟರಿಗೆ ಎಳೆಯಬೇಡಿ. ಟ್ಯಾಂಕ್ ಡಿಕ್ಕಿಯ ಕೆಳಗೆ ಎರಡು ಪಟ್ಟಿಯಲ್ಲಿ ನೇತಾಡುತ್ತಿರುತ್ತದೆ, ಇಳಿಸಿ. ರಬ್ಬರ್ ಪೈಪ್ ಎಲ್ಲ ಬದಲಿಸಿ, ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಹಳೇ ರಬ್ಬರನ್ನು ಅದು ತಿಂದುಹಾಕುತ್ತದೆ.

ಬ್ರೇಕಿನಲ್ಲಿ ಮಾತ್ರ ಉಳಿತಾಯ ಬೇಡ. ಅಮೆರಿಕದ ಕಾರುಗಳಿಗೆ 1967ರಿಂದ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಬಂತು, ಹಾಗಾಗಿ ನಿಮ್ಮದರಲ್ಲಿ ಮುಂದಿನದು ಕೈಕೊಟ್ಟರೂ ಹಿಂದಿನದು ಹಿಡಿಯುತ್ತದೆ, ಆ ಮಟ್ಟಿಗೆ ಅದೃಷ್ಟ. ಆದರೂ ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರ್ ನಾಲ್ಕು, ರಬ್ಬರ್ ಹೋಸ್ ಮೂರು, ಎಲ್ಲ ಹೊಸದು ಹಾಕಿ. ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಊದಿಕೊಂಡು ಮುಚ್ಚಿರುತ್ತದೆ. ಕಬ್ಬಿಣದ ಲೈನ್ ತುಕ್ಕು ಹಿಡಿದಿದ್ದರೆ ತಾಮ್ರ-ನಿಕಲ್ ಪೈಪ್ ತಗೊಳ್ಳಿ, ಕೈಯಲ್ಲೇ ಬಗ್ಗುತ್ತದೆ, ಫ್ಲೇರ್ ಮಾಡುವುದೂ (ತುದಿಯನ್ನು ಅಗಲಿಸುವುದೂ) ಸುಲಭ. ಡಬಲ್ ಫ್ಲೇರ್ ಮಾಡಿ, ಸಿಂಗಲ್ ಬೇಡ.

ಡ್ರಮ್ ಬಿಚ್ಚುವಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಬ್ರೇಕ್ ಶೂನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಮಾಡಿ ಒರೆಸಿ.

ಕಾರ್ಬುರೇಟರ್ ಕಿಟ್ಟಿ

ಎಸ್‌ಎಸ್ ಪ್ರಶ್ನೆಗೆ ನಾನು ಹೇಳುತ್ತೇನೆ, ಇದರಲ್ಲಿ ನನಗೆ ಸ್ವಲ್ಪ ಹುಚ್ಚು.

1966ರಿಂದ 68ರವರೆಗೆ ಸುಲಭ ಇತ್ತು. ಶೆವೆಲ್ ಎಸ್‌ಎಸ್ ಬೇರೆಯೇ ಮಾಡೆಲ್, ವಿಐಎನ್ (ಗಾಡಿಯ ಗುರುತಿನ ನಂಬರ್) 138 ಅಂತ ಶುರುವಾದರೆ ಎಸ್‌ಎಸ್, ಮುಗಿಯಿತು. 1969ರಲ್ಲಿ ಅದನ್ನು ಆಪ್ಷನ್ ಮಾಡಿಬಿಟ್ಟರು. ಅಂದಮೇಲೆ ನಿಮ್ಮ ವಿಐಎನ್ ಬಾಯಿ ಬಿಡುವುದಿಲ್ಲ. ಗಾಜಿನಿಂದ ಡ್ಯಾಶ್‌ಬೋರ್ಡಿನ ಎಡಮೂಲೆ ನೋಡಿ, ನಿಮ್ಮದು 136 ಅಂತ ಶುರುವಾಗುತ್ತದೆ ಅಂದುಕೊಂಡಿದ್ದೇನೆ. ಅದರ ಅರ್ಥ ವಿ8 ಮಾಲಿಬು ಅಂತ ಅಷ್ಟೇ. 135 ಅಂತ ಇದ್ದರೆ ಹುಟ್ಟುವಾಗ ಆರು ಸಿಲಿಂಡರ್, ಆಗ ಬ್ಯಾಡ್ಜ್ ಸುಳ್ಳು ಅಂತ ಅಲ್ಲಿಗೇ ಗೊತ್ತಾಯಿತು.

ಒಂದು ಸುಳಿವು ಕೆಳಗಿದೆ. ಹಿಂದಿನ ಆಕ್ಸಲ್ ಮಧ್ಯದ ಗುಂಡಗಿನ ಮುಚ್ಚಳದ ಬೋಲ್ಟ್ ಎಣಿಸಿ. ಎಸ್‌ಎಸ್ 396ಕ್ಕೆ ಹನ್ನೆರಡು ಬೋಲ್ಟಿನ ಆಕ್ಸಲ್ ಬರುತ್ತಿತ್ತು, ಮುಂದೆ ಡಿಸ್ಕ್ ಬ್ರೇಕ್ ಕೂಡ ಆ ಪ್ಯಾಕೇಜಿನಲ್ಲೇ. ನಿಮ್ಮದರಲ್ಲಿ ಹತ್ತು ಬೋಲ್ಟು, ಮುಂದೆ ಡ್ರಮ್ಮು ಅಂತಿದ್ದರೆ ಹೆಚ್ಚು ಯೋಚನೆ ಬೇಡ. ಗಟ್ಟಿ ಸಾಕ್ಷಿ ಬೇಕಾದರೆ ಬಿಲ್ಡ್ ಶೀಟ್ ಹುಡುಕಬೇಕು. ಫ್ಯಾಕ್ಟರಿಯಲ್ಲಿ ಯಾವ ಗಾಡಿಗೆ ಏನು ಜೋಡಿಸಬೇಕು ಅಂತ ಬರೆದ ಕಾಗದ ಅದು. ಕೆಲಸ ಮುಗಿದ ಮೇಲೆ ಅಲ್ಲೇ ಎಲ್ಲೋ ಸಿಕ್ಕಿಸಿ ಬಿಡುತ್ತಿದ್ದರು. ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ, ಸೀಟಿನ ಸ್ಪ್ರಿಂಗ್ ನಡುವೆ ಎಷ್ಟೋ ಜನಕ್ಕೆ ಸಿಕ್ಕಿದೆ. ಎಂಟು ಸಿಲಿಂಡರ್ ಅವರು ಹೇಳಿದ ಹಾಗೆ ಟ್ಯಾಂಕ್ ಇಳಿಸುವಾಗ ನೀರು ಹೊಡೆಯುವ ಮೊದಲು ಒಮ್ಮೆ ಮೇಲೆ ಕೈ ಆಡಿಸಿ.

ಇಂಜಿನ್ ಯಾವುದು ಅಂತಲೂ ನೋಡಿ. ಬ್ಲಾಕಿನ ಹಿಂಭಾಗ, ಗೇರ್‌ಬಾಕ್ಸ್ ಸೇರುವಲ್ಲಿ, ಡ್ರೈವರ್ ಕಡೆ ಎರಕದ ನಂಬರ್ ಉಬ್ಬಿಕೊಂಡಿರುತ್ತದೆ. ಕೈಗನ್ನಡಿ, ಟಾರ್ಚು, ವೈರ್ ಬ್ರಶ್ ಬೇಕು. ಆ ವರ್ಷದ ಮಾಲಿಬುಗೆ ಮಾಮೂಲಿ ವಿ8 ಅಂದರೆ 307. 307ಕ್ಕೂ 350ಕ್ಕೂ ಹೊರಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ, ಬೋರ್ (ಸಿಲಿಂಡರಿನ ಅಗಲ) ಮತ್ತು ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಮಾತ್ರ ಬೇರೆ.

ನಕಲಿ ಎಸ್‌ಎಸ್ ಆದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ನಿಮ್ಮ ಜೇಬಿಗೆ ಒಳ್ಳೆಯದೇ. ಅಸಲಿ ಆಗಿದ್ದರೆ ಪ್ರತಿ ಕ್ಲಿಪ್ಪಿಗೂ ಸರಿಯಾದ ತಾರೀಖಿನ ಭಾಗ ಹುಡುಕುತ್ತಾ ಸಾಯಬೇಕಿತ್ತು. ಈ ಗಾಡಿಗಳ ಕಥೆಯೇ ಹಾಗೆ ಅಲ್ವಾ? 1964ರಲ್ಲಿ ಪಾಂಟಿಯಾಕ್‌ನವರು ಕಂಪನಿಯ ನಿಯಮ ತಪ್ಪಿಸಿ, ಮಧ್ಯಮ ಗಾತ್ರದ ಟೆಂಪೆಸ್ಟಿಗೆ ದೊಡ್ಡ ಕಾರಿನ 389 ಇಂಜಿನ್ನನ್ನು ಆಪ್ಷನ್ ಅಂತ ತುರುಕಿ ಜಿಟಿಒ ಅಂತ ಹೆಸರಿಟ್ಟರು. ಸಾಧಾರಣ ಗಾಡಿಗೆ ದೊಡ್ಡ ಇಂಜಿನ್ ಹಾಕುವುದೇ ಇಲ್ಲಿನ ಸಂಪ್ರದಾಯ. ನೀವೂ ನಾಳೆ ಏನು ಬೇಕಾದರೂ ಹಾಕಿಕೊಳ್ಳಿ, ಕೇಳುವವರಿಲ್ಲ.

ದುಡ್ಡು ಉಳಿಸುವ ಒಂದು ದಾರಿ: ಕೆಟ್ಟು ನಿಂತ ನಾಲ್ಕು ಬಾಗಿಲಿನ ಶೆವೆಲ್ ಸಿಕ್ಕಿದರೆ ಬಿಡಬೇಡಿ. ಅದರ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) 116 ಇಂಚು, ನಿಮ್ಮದು 112, ಆದರೆ ಅದೇ ವರ್ಷದ್ದಾದರೆ ಮುಂದಿನ ಫೆಂಡರ್, ಬಾನೆಟ್, ಬಂಪರ್ ಎಲ್ಲ ಒಂದೇ. ನಾಲ್ಕು ಬಾಗಿಲಿನದನ್ನು ಯಾರೂ ಮೂಸುವುದಿಲ್ಲ, ಅಗ್ಗಕ್ಕೆ ಬರುತ್ತದೆ.

ತುಕ್ಕಣ್ಣ

ಮಾರಾಯ್ರೆ, ಇಂಜಿನ್ ಬಗ್ಗೆ ಇಷ್ಟೊಂದು ಮಾತಾಡಿದಿರಿ. ಹಳೇ ಶೆವರ್ಲೆ ವಿ8 ಎಲ್ಲಿ ಬೇಕಾದರೂ ಸಿಗುತ್ತದೆ, ಬಿಡಿಭಾಗವೂ ಅಗ್ಗ. ದುಡ್ಡು ತಿನ್ನುವುದು ತಗಡು. ಎಂಟು ಸಿಲಿಂಡರ್ ಅವರ "ಮೊದಲು ಓಡಲಿ" ಅನ್ನುವ ಮಾತು ಒಪ್ಪುತ್ತೇನೆ, ಆದರೆ ಅದಕ್ಕೂ ಮೊದಲು ಒಂದು ಶನಿವಾರ ಪೂರ್ತಿ ತುಕ್ಕು ನೋಡುವುದಕ್ಕೆ ಇಡಿ. ಫ್ರೇಮ್ ಹೋಗಿದ್ದರೆ ಓಡಿಸಿ ಏನು ಪ್ರಯೋಜನ?

ಒಂದು ಸುತ್ತಿಗೆ, ಒಂದು ಹಳೇ ಸ್ಕ್ರೂಡ್ರೈವರ್, ತೆಳ್ಳನೆ ಬಟ್ಟೆ ಸುತ್ತಿದ ಒಂದು ಮ್ಯಾಗ್ನೆಟ್. ಇಷ್ಟೇ ಸಾಕು. ಗಾಡಿಯ ಕೆಳಗೆ ಹೋಗುವ ಮೊದಲು ಸ್ಟ್ಯಾಂಡ್ ಹಾಕಿ, ಬರೀ ಜಾಕ್ ನಂಬಿ ಯಾವತ್ತೂ ಹೋಗಬೇಡಿ. ಹಿಂದಿನ ಚಕ್ರದ ಹತ್ತಿರ ಫ್ರೇಮ್ ಮೇಲಕ್ಕೆ ಬಗ್ಗುವ ಜಾಗದಲ್ಲಿ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಒಳ್ಳೇ ಕಬ್ಬಿಣ ಠಣ್ ಅನ್ನುತ್ತದೆ. ಕೊಳೆತದ್ದು ದಬ್ ಅನ್ನುತ್ತದೆ, ಜೊತೆಗೆ ಒಳಗಿನಿಂದ ಪುಡಿ ಉದುರುವ ಸದ್ದು. ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಮ್ಯಾಗ್ನೆಟ್ಟನ್ನು ಹಿಂದಿನ ಚಕ್ರದ ಸುತ್ತ, ಫೆಂಡರಿನ ಕೆಳಭಾಗದಲ್ಲಿ ಜಾರಿಸುತ್ತಾ ಹೋಗಿ. ಎಲ್ಲಿ ಹಿಡಿತ ಸಡಿಲವಾಗುತ್ತದೋ ಅಲ್ಲಿ ಪುಟ್ಟಿ ಇದೆ. ಪೂರ್ತಿ ಬಿದ್ದೇ ಹೋದರೆ ಅಲ್ಲಿ ತಗಡೇ ಇಲ್ಲ, ಹಿಂದಿನ ಮಾಲೀಕ ಬಲೆ ಕಟ್ಟಿ ಪುಟ್ಟಿ ಬಳಿದಿದ್ದಾನೆ.

ಈ ಗಾಡಿಯಲ್ಲಿ ಮರೆಯದೆ ನೋಡಬೇಕಾದದ್ದು ಹಿಂದಿನ ಗಾಜಿನ ಸುತ್ತಲಿನ ತಗಡು. ಕ್ರೋಮ್ ಪಟ್ಟಿಯ ಕೆಳಗೆ ನೀರು ನಿಂತು ತಗಡು ಕೊಳೆಯುತ್ತದೆ, ಅಲ್ಲಿಂದ ನೀರು ಡಿಕ್ಕಿಗೆ ಇಳಿಯುತ್ತದೆ, ಡಿಕ್ಕಿಯ ನೆಲ ಹೋಗುತ್ತದೆ. ಜನ ಡಿಕ್ಕಿಗೆ ಹೊಸ ತಗಡು ಹಾಕುತ್ತಾರೆ, ಗಾಜಿನ ಸುತ್ತ ಮುಟ್ಟುವುದಿಲ್ಲ, ಎರಡು ವರ್ಷಕ್ಕೆ ಮತ್ತೆ ಅದೇ ಕಥೆ. ಮೇಲೆ ವಿನೈಲ್ ಹೊದಿಕೆ ಇದೆಯಾ ನಿಮ್ಮದಕ್ಕೆ? ಇದ್ದರೆ ದೇವರೇ ಕಾಪಾಡಬೇಕು.

ಬಾಡಿ ಎತ್ತುವ ಪ್ರಶ್ನೆ. ಬೇಡ. ಶೆವೆಲ್‌ಗೆ ಫ್ರೇಮ್ ಬೇರೆ, ಬಾಡಿ ಬೇರೆ, ನಡುವೆ ರಬ್ಬರ್ ಬುಶ್, ಎತ್ತುವುದು ಸುಲಭ ಅನಿಸುತ್ತದೆ. ಆದರೆ ಬಾಗಿಲ ಕೆಳಗಿನ ರಾಕರ್ ಕೊಳೆತ ಬಾಡಿಯನ್ನು ಎತ್ತಿದರೆ ಮಧ್ಯಕ್ಕೆ ಬಾಗುತ್ತದೆ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ. ಇನ್ನೊಂದು, ಎತ್ತಿದ ಬಾಡಿ ಎಲ್ಲಿಡುತ್ತೀರಿ? ಒಂದೇ ಕಾರಿನ ಗ್ಯಾರೇಜಿನಲ್ಲಿ ಅದು ಎರಡು ಕಾರಾಗುತ್ತದೆ. ನೆಲದ ತಗಡನ್ನು ಬಾಡಿ ಫ್ರೇಮ್ ಮೇಲೆ ಇರುವಾಗಲೇ ಬದಲಿಸಿ. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಒಂದು ಕಬ್ಬಿಣದ ಕೊಳವೆ ವೆಲ್ಡ್ ಮಾಡಿ ಬಿಗಿಯಿರಿ.

ವೆಲ್ಡಿಂಗ್ ಹೆದರಬೇಡಿ. ಮನೆಯ ಕರೆಂಟಿಗೆ ಓಡುವ ಚಿಕ್ಕ ಮಿಗ್ ಮೆಶಿನ್ (ವೈರ್ ತಾನೇ ಹೊರಬರುವ ವೆಲ್ಡಿಂಗ್ ಮೆಶಿನ್) ಸಾಕು, ಆದರೆ ಗ್ಯಾಸ್ ಸಿಲಿಂಡರ್ ಜೊತೆಗೇ ತಗೊಳ್ಳಿ, ಮುಕ್ಕಾಲು ಆರ್ಗಾನ್ ಕಾಲು ಕಾರ್ಬನ್ ಡೈಆಕ್ಸೈಡ್. ಗ್ಯಾಸ್ ಇಲ್ಲದ ಫ್ಲಕ್ಸ್ ವೈರ್ ಅಗ್ಗ ಅಂತ ನಾನೂ ತಂದಿದ್ದೆ, ತೆಳ್ಳನೆ ತಗಡಿಗೆ ತೂತೇ ತೂತು. ವೈರ್ 0.023 ಇಂಚಿನದು. ಉದ್ದಕ್ಕೆ ಎಳೆಯಬೇಡಿ. ಒಂದು ಚುಕ್ಕಿ ಇಲ್ಲಿ, ಇನ್ನೊಂದು ಅಷ್ಟು ದೂರ, ಮತ್ತೊಂದು ಆಚೆ ತುದಿಗೆ, ತಗಡು ಕೈಯಲ್ಲಿ ಮುಟ್ಟುವಷ್ಟು ತಣ್ಣಗಾದ ಮೇಲೆ ನಡುವೆ ತುಂಬುತ್ತಾ ಬನ್ನಿ. ಸೆಟ್ಟಿಂಗ್ ಸರಿ ಇದ್ದರೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಒಂದೇ ಸಮ ಚಟಚಟ ಅನ್ನುತ್ತದೆ. ಸದ್ದು ತಡವರಿಸಿದರೆ ನಿಲ್ಲಿಸಿ.

ಮೊದಲು ಪೆಟ್ರೋಲ್ ಟ್ಯಾಂಕ್ ಗ್ಯಾರೇಜಿನಿಂದಲೇ ಆಚೆ ಹೋಗಲಿ. ಕಾರ್ಪೆಟ್, ಸೀಟು, ಅಡಿಯ ಡಾಂಬರಿನಂಥ ಲೇಪ ಎಲ್ಲ ತೆಗೆಯಿರಿ, ಬೆಂಕಿ ಹಿಡಿಯುತ್ತದೆ. ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಸುತ್ತಾಡುತ್ತಿರಿ. ನಾನು ಒಂದು ಸಲ ಊಟಕ್ಕೆ ಎದ್ದು ಹೋಗಿ ವಾಪಸ್ ಬಂದಾಗ ಹಿಂದಿನ ಸೀಟಿನ ಹಿಂದಿನ ರಟ್ಟು ಸದ್ದಿಲ್ಲದೆ ಹೊಗೆಯಾಡುತ್ತಿತ್ತು.

ಸೀದಾ ಮಾತು

ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ದುಡ್ಡಿನ ಲೆಕ್ಕ ಮಾತ್ರ ನೋಡಿದರೆ ಬೇರೆಯವರು ಮುಗಿಸಿದ ಗಾಡಿ ಕೊಳ್ಳುವುದೇ ಅಗ್ಗ. ಅವರು ಹಾಕಿದ್ದರಲ್ಲಿ ಅರ್ಧವೂ ಅವರಿಗೆ ವಾಪಸ್ ಬರುವುದಿಲ್ಲ, ಆ ನಷ್ಟ ನಿಮ್ಮ ಲಾಭ. ಲಾಭಕ್ಕೆ ಅಂತ ಮಾಡುತ್ತಿದ್ದರೆ ಈಗಲೇ ಮಾರಿ. ಕೈ ಕೊಳೆ ಮಾಡಿಕೊಳ್ಳುವ ಸುಖಕ್ಕೆ ಮಾಡುತ್ತಿದ್ದರೆ ಮುಂದುವರಿಸಿ, ನನ್ನ ತಕರಾರಿಲ್ಲ. ನಾನು ಮೂರು ಗಾಡಿ ಮಾಡಿದ್ದೇನೆ, ಮೂರರಲ್ಲೂ ಕಳಕೊಂಡಿದ್ದೇನೆ, ನಾಲ್ಕನೆಯದು ಹುಡುಕುತ್ತಿದ್ದೇನೆ.

ಬಣ್ಣದ ಬಾಬು

ಪೇಂಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳುತ್ತೀರಿ, ಅದಕ್ಕೆ ಮೊದಲೇ ಬರೆಯುತ್ತೇನೆ.

ಎಲ್ಲರೂ ಮಾಡುವ ತಪ್ಪು ಒಂದಿದೆ. ತುಕ್ಕು ಉಜ್ಜಿ ತಗಡು ಬೆಳ್ಳಗೆ ಮಾಡುತ್ತಾರೆ, ಡಬ್ಬಿಯಲ್ಲಿ ಬರುವ ಬೂದು ಪ್ರೈಮರ್ ಹೊಡೆದು ಆರು ತಿಂಗಳು ಹಾಗೇ ಬಿಡುತ್ತಾರೆ. ಆ ಪ್ರೈಮರ್ ಸ್ಪಂಜಿನ ಹಾಗೆ ನೀರು ಹೀರುತ್ತದೆ, ಅದರ ಅಡಿಯಲ್ಲೇ ಮತ್ತೆ ತುಕ್ಕು ಹುಟ್ಟುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ. ಬರಿ ತಗಡಿಗೆ ಮೊದಲು ಎಪಾಕ್ಸಿ ಪ್ರೈಮರ್, ಎರಡು ಭಾಗ ಬೆರೆಸುವಂಥದ್ದು, ಅದು ನೀರು ಬಿಡುವುದಿಲ್ಲ. ಪುಟ್ಟಿಯನ್ನೂ ಅದರ ಮೇಲೇ ಹಚ್ಚಬಹುದು. ನಿಮ್ಮ ಹಾಗೆ ನಿಧಾನ ಕೆಲಸ ಮಾಡುವವರಿಗೆ ಇದು ಬಿಟ್ಟರೆ ಬೇರೆ ದಾರಿ ಇಲ್ಲ.

ಬಾನೆಟ್, ಬಾಗಿಲು, ಛಾವಣಿಗೆ ಮರಳು ಹೊಡೆಸಬೇಡಿ. ನನ್ನ ಗಾಡಿಯ ಬಾನೆಟ್ಟನ್ನು ಒಬ್ಬರು ಬ್ಲಾಸ್ಟ್ ಮಾಡಿಕೊಟ್ಟರು, ತಗಡು ಹಿಗ್ಗಿ ಹಪ್ಪಳದ ಹಾಗೆ ಅಲೆ ಅಲೆ ಆಗಿತ್ತು. ದಪ್ಪ ಕಬ್ಬಿಣಕ್ಕೆ ಮರಳು ಸರಿ, ಚಪ್ಪಟೆ ತಗಡಿಗೆ ಪೇಂಟ್ ತೆಗೆಯುವ ದ್ರಾವಣ ಅಥವಾ ಸ್ಯಾಂಡರ್. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಮಾಸ್ಕ್ ಹಾಕಿ, ಮಗಳು ಓಡಾಡುವ ಕಡೆ ಆ ಧೂಳು ಹೋಗದಂತೆ ನೋಡಿಕೊಳ್ಳಿ.

ಚಿಕ್ಕ ಬ್ರ್ಯಾಕೆಟ್ಟು, ಹಿಂಜ್ ಇಂಥವಕ್ಕೆ ಅಗ್ಗದ ಉಪಾಯ: ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು, ವಾಶಿಂಗ್ ಸೋಡಾ, ಒಂದು ಬ್ಯಾಟರಿ ಚಾರ್ಜರ್. ಭಾಗಕ್ಕೆ ನೆಗೆಟಿವ್, ಪಕ್ಕದಲ್ಲಿ ನೇತುಹಾಕಿದ ಕಬ್ಬಿಣದ ತುಂಡಿಗೆ ಪಾಸಿಟಿವ್. ಬೆಳಗ್ಗೆ ಎದ್ದು ನೋಡಿದರೆ ತುಕ್ಕು ಕಪ್ಪು ಕೆಸರಾಗಿ ಬಿಟ್ಟುಕೊಂಡಿರುತ್ತದೆ. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು, ವಿಷದ ಕ್ರೋಮಿಯಂ ಬಿಡುತ್ತದೆ. ಹೈಡ್ರೋಜನ್ ಹೊರಡುತ್ತದೆ, ಹಾಗಾಗಿ ಬಾಗಿಲು ತೆಗೆದಿರಲಿ.

ಕೊನೆಯ ಬಣ್ಣ ನೀವೇ ಹೊಡೆಯಬೇಕಾ? ನನ್ನ ಅಭಿಪ್ರಾಯ, ಬೇಡ. ಎರಡು ಭಾಗದ ಪೇಂಟಿನ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ವಾಸನೆಗೂ ಉಬ್ಬಸ ಬರುತ್ತದೆ. ಅದಕ್ಕೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ ಬೇಕು, ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಆಗುವ ಕೆಲಸವಲ್ಲ. ಉಜ್ಜುವುದು, ಪುಟ್ಟಿ, ಬ್ಲಾಕ್ ಸ್ಯಾಂಡಿಂಗ್ ಪೂರ್ತಿ ನೀವೇ ಮಾಡಿ, ಕೂಲಿಯಲ್ಲಿ ದೊಡ್ಡ ಪಾಲು ಅದೇ. ಸ್ಪ್ರೇ ಮಾತ್ರ ಬೂತ್ ಇರುವವರಿಗೆ ಕೊಡಿ. ಮೆಟಾಲಿಕ್ ಬಿಟ್ಟು ಒಂದೇ ಗಟ್ಟಿ ಬಣ್ಣ, ಸಿಂಗಲ್ ಸ್ಟೇಜ್ (ಮೇಲೆ ಬೇರೆ ಕ್ಲಿಯರ್ ಕೋಟ್ ಬೇಡದ್ದು) ಆರಿಸಿಕೊಂಡರೆ ಖರ್ಚೂ ಇಳಿಯುತ್ತದೆ, ನಾಳೆ ಗೀರಾದರೆ ತಿದ್ದುವುದೂ ಸುಲಭ.

ಗ್ಯಾರೇಜ್ ಗೂಬೆ

ಮೂರು ವಾರ ಆಯಿತು, ವರದಿ ಕೊಡುತ್ತಿದ್ದೇನೆ. ಪಾನಾ ಕೆಳಗಿಟ್ಟಿದ್ದೆ, ಆಣೆ.

ಫ್ರೇಮ್ ಪೂರ್ತಿ ತಟ್ಟಿದೆ. ಠಣ್ ಠಣ್ ಠಣ್, ಎಡಗಡೆ ಹಿಂದೆ ಒಂದು ಕಡೆ ಮಾತ್ರ ದಬ್. ಅಂಗೈಯಷ್ಟು ಜಾಗ. ವಿನೈಲ್ ಇಲ್ಲ, ದೇವರು ಕಾಪಾಡಿದ. ಆದರೆ ಹಿಂದಿನ ಗಾಜಿನ ಕೆಳಗೆ ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಯಿತು, ತುಕ್ಕಣ್ಣ ಹೇಳಿದ ಜಾಗದಲ್ಲೇ. ಬಲಗಡೆ ಹಿಂದಿನ ಚಕ್ರದ ಮೇಲೆ ಮ್ಯಾಗ್ನೆಟ್ ಬಿದ್ದುಹೋಯಿತು, ಉಗುರಿನಿಂದ ಕೆರೆದರೆ ಬೆರಳಿನ ದಪ್ಪ ಪುಟ್ಟಿ.

ಇಂಜಿನ್: ಎಣ್ಣೆ ಬಿಟ್ಟು ನಾಲ್ಕನೇ ದಿನ ತಿರುಗಿತು! ಎರಕದ ನಂಬರ್ 3970010. ಆಯಿಲ್ ಇಳಿಸಿದಾಗ ಟ್ರೇಯಲ್ಲಿ ಅಕ್ಕಿಕಾಳಿನಷ್ಟು ಕಂದು ಚೂರುಗಳು ನಾಲ್ಕೈದು ಬಂದವು. ಕಬ್ಬಿಣ ಅಲ್ಲ, ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ, ಉಗುರಲ್ಲಿ ಒತ್ತಿದರೆ ಪ್ಲಾಸ್ಟಿಕ್ ಥರ. ಇದೇನು?

ಕಾರ್ಬುರೇಟರ್ ಕಿಟ್ಟಿ

ಆ ನಂಬರ್ 350. ಆ ವರ್ಷ 350 ಕೂಡ ಆಪ್ಷನ್ ಇತ್ತು, ಹಾಗಾಗಿ ಫ್ಯಾಕ್ಟರಿಯಿಂದಲೇ ಬಂದದ್ದೋ, 307 ತೆಗೆದು ಯಾರೋ ಕೂರಿಸಿದ್ದೋ ಇದೊಂದರಿಂದ ಹೇಳಲಾಗದು. ಒಳ್ಳೆಯ ಬ್ಲಾಕು, ಬೇಜಾರಿಲ್ಲ.

ಪ್ಲಾಸ್ಟಿಕ್ ಚೂರು ಸ್ಟಾರ್ಟ್ ಮಾಡುವ ಮೊದಲೇ ಸಿಕ್ಕಿದ್ದು ನಿಮ್ಮ ಪುಣ್ಯ. ಆ ಕಾಲದ ಟೈಮಿಂಗ್ ಗಿಯರಿಗೆ (ಚೈನ್ ಮೂಲಕ ಕ್ಯಾಮ್ ತಿರುಗಿಸುವ ಹಲ್ಲುಚಕ್ರ) ಸದ್ದು ಕಮ್ಮಿ ಆಗಲಿ ಅಂತ ಅಲ್ಯೂಮಿನಿಯಂ ಮೇಲೆ ನೈಲಾನ್ ಹಲ್ಲು ಕೂರಿಸುತ್ತಿದ್ದರು. ಬಿಸಿಗೆ ವರ್ಷಗಟ್ಟಲೆ ಬೆಂದು ಅವು ಒಡೆದು ಆಯಿಲ್ ಸಂಪಿಗೆ ಬೀಳುತ್ತವೆ, ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತವೆ, ಎಣ್ಣೆ ಮೇಲಕ್ಕೆ ಹೋಗುವುದಿಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಕ್ರ್ಯಾಂಕನ್ನು ಹಿಂದೆ ಮುಂದೆ ತಿರುಗಿಸಿ, ರೋಟರ್ ಅಲ್ಲಾಡುವ ಮೊದಲು ಕ್ರ್ಯಾಂಕ್ ಎಷ್ಟು ಸುಮ್ಮನೆ ತಿರುಗುತ್ತದೆ ನೋಡಿ. ಹತ್ತು ಡಿಗ್ರಿ ದಾಟಿದರೆ ಚೈನ್ ಮುಗಿದಿದೆ. ಏನೇ ಇರಲಿ, ಸಂಪ್ ಇಳಿಸಿ, ಜಾಲರಿ ತೊಳೆದು, ಪೂರ್ತಿ ಲೋಹದ ಹಲ್ಲಿನ ಟೈಮಿಂಗ್ ಸೆಟ್ ಹಾಕಿ. ದುಬಾರಿ ಅಲ್ಲ.

ಆಯಿಲ್ ಹಾಕುವಾಗ ಝಿಂಕ್ ಜಾಸ್ತಿ ಇರುವಂಥದ್ದು, ಹಳೇ ಫ್ಲ್ಯಾಟ್ ಟ್ಯಾಪೆಟ್ (ಕ್ಯಾಮ್ ಮೇಲೆ ನೇರ ಉಜ್ಜುವ ಚಪ್ಪಟೆ ತಳದ ಭಾಗ) ಇಂಜಿನ್ನಿಗೆ ಅಂತಲೇ ಸಿಗುತ್ತದೆ. ಈಗಿನ ಕಾರಿನ ಆಯಿಲ್ ಹಾಕಿದರೆ ಕ್ಯಾಮ್ ಸವೆಯುವ ಭಯ. ಸೀಸ ಇಲ್ಲದ ಪೆಟ್ರೋಲಿನ ಚಿಂತೆ ಬೇಡ, ಭಾನುವಾರ ಓಡಿಸುವ ಗಾಡಿಗೆ ವಾಲ್ವ್ ಸೀಟ್ ಅಷ್ಟು ಬೇಗ ಹೋಗುವುದಿಲ್ಲ. ಹೆಡ್ ಬಿಚ್ಚುವ ದಿನ ಬಂದರೆ ಆಗ ಗಟ್ಟಿ ಸೀಟ್ ಹಾಕಿಸಿದರಾಯಿತು.

ತುಕ್ಕಣ್ಣ

ಅಂಗೈಯಷ್ಟೇ ಅಂದರೆ ಅದು ತುಕ್ಕೇ ಅಲ್ಲ, ದೃಷ್ಟಿಬೊಟ್ಟು. ಆದರೆ ಫ್ರೇಮಿನ ಆ ತುಂಡು ಮಾತ್ರ ನೀವು ಮಾಡಬೇಡಿ, ವೆಲ್ಡಿಂಗ್ ಬಲ್ಲವರಿಂದ ಮಾಡಿಸಿ. ಫ್ರೇಮ್ ದಪ್ಪ ಕಬ್ಬಿಣ, ನಿಮ್ಮ ಚಿಕ್ಕ ಮೆಶಿನ್ನಿನ ವೆಲ್ಡ್ ಮೇಲೆ ಚೆನ್ನಾಗಿ ಕಂಡರೂ ಒಳಗೆ ಇಳಿದಿರುವುದಿಲ್ಲ. ನೆಲದ ತಗಡಿನಲ್ಲಿ ಕೈ ಕುದುರಿಸಿಕೊಳ್ಳಿ, ಕಾರ್ಪೆಟ್ ಎಲ್ಲ ಮುಚ್ಚುತ್ತದೆ.

ಎಂಟು ಸಿಲಿಂಡರ್

ಟ್ಯಾಂಕ್ ಇಳಿಸಿದಿರಾ? ಕಾಗದ ಸಿಕ್ಕಿತಾ?

ಗ್ಯಾರೇಜ್ ಗೂಬೆ

ಇವತ್ತು ಇಳಿಸಿದೆ. ಸಿಕ್ಕಿತು ಅನ್ನಬೇಕೋ ಇಲ್ಲ ಅನ್ನಬೇಕೋ ಗೊತ್ತಿಲ್ಲ. ಟ್ಯಾಂಕಿನ ಮೇಲೆ ಮುಷ್ಟಿಯಷ್ಟು ಒಂದು ಇಲಿ ಗೂಡು, ಅದರಲ್ಲಿ ಸಣ್ಣಗೆ ಚೂರು ಮಾಡಿದ ಹಳದಿ ಕಾಗದ, ಅಲ್ಲಲ್ಲಿ ಒಂದೊಂದು ಅಂಕಿ. ಅರ್ಧ ಗಂಟೆ ಮೇಜಿನ ಮೇಲೆ ಜೋಡಿಸುವುದಕ್ಕೆ ನೋಡಿದೆ. ಮಗಳು ಬಂದು "ಪಜಲ್ಲಾ ಅಪ್ಪಾ?" ಅಂದಳು.

ಆಕ್ಸಲ್ ಬೋಲ್ಟ್ ಎಣಿಸಿದೆ, ಹತ್ತು. ಮುಂದೆ ಡ್ರಮ್. ಆಮೇಲೆ ಫೆಂಡರ್ ಮೇಲಿನ ಎಸ್‌ಎಸ್ ಬ್ಯಾಡ್ಜ್ ತೆಗೆಯೋಣ, ತೂತು ಎಷ್ಟು ದೊಡ್ಡದಿದೆ, ವೆಲ್ಡ್ ಮಾಡಿ ಮುಚ್ಚಬೇಕಾಗುತ್ತದೋ ಏನೋ ಅಂತ ಹಿಂದಿನಿಂದ ನಟ್ಟು ಹುಡುಕಿದೆ. ನಟ್ಟೇ ಇಲ್ಲ. ಮುಂದಿನಿಂದ ಉಗುರು ಹಾಕಿ ಎಳೆದರೆ ಪರ್ರ್ ಅಂತ ಬಂತು. ಎರಡು ಕಡೆ ಅಂಟುವ ಟೇಪು.